ತಪ್ಪಲ

ಕಾಲಾಘೋಡಾದ ಸೆಷನ್ಸ್ ಕೋರ್ಟು, ಮೂರನೇ ಮಾಳಿಗೆ.
ಪಟ್ಟೇವಾಲ ಕೂಗಿದ: ‘ಬಾಯಿ, ಇಕಡೆ ಯಾ.’
ಮರಾಠಿಯಲ್ಲಿ ಬಾಯಿ ಎಂದರೆ ಟೀಚರು. ನಾನು ಅದೇ;
ವಡಾಳದ ಮುನ್ಸಿಪಾಲಿಟಿ ಕನ್ನಡ ಶಾಲೆ,
ಏಳನೇ ಇಯತ್ತೆ, ಹನ್ನೊಂದು ಮಕ್ಕಳು.
ಆ ದಿನ ಮಾತ್ರ ಕನ್ನಡದ ಬಾಯಿಯೂ ಆದೆ,
ಇನ್ನೂರು ರೂಪಾಯಿ ಭತ್ಯೆಗೆ
ಇನ್ನೊಬ್ಬನ ಬಾಯಿ.

ಕಟಕಟೆಯಲ್ಲಿ ಮೋನಪ್ಪ. ಸುರಪುರದ ಕಡೆಯವ.
ಕಾಂಜೂರಿನ ನಾಕಾದಲ್ಲಿ ಬೆಳಿಗ್ಗೆ ನಿಂತು
ಯಾರು ಕರೆದರೆ ಅವರ ಸ್ಲ್ಯಾಬಿಗೆ ಕಾಂಕ್ರೀಟು ಹೊರುವವ.
ಸಿಮೆಂಟು ತಿಂದ ಉಗುರು
ಜೈಲಿನಲ್ಲಿ ಏಳು ತಿಂಗಳಾದರೂ ಚಿಗುರಿರಲಿಲ್ಲ.
ಚೀಲದಲ್ಲಿ ಸಿಕ್ಕಿದ್ದು ಒಂದು ಕಿಲೋ ನೂರೆಂಬತ್ತು ಗ್ರಾಂ,
ಕಡ್ಡಿ, ಬೀಜ, ಒಂದು ಒಣ ಚೆಂಡುಹೂ ಸಮೇತ.
ಕಿಲೋದ ಒಳಗಾದರೆ ಒಂದು ವರ್ಷ,
ದಾಟಿದರೆ ಹತ್ತರ ತನಕ.
ನೂರೆಂಬತ್ತು ಗ್ರಾಂ ಎಂದರೆ ಎಷ್ಟೆಂದು
ಆಮೇಲೆ ಮನೆಯಲ್ಲಿ ತೂಗಿ ನೋಡಿದೆ.
ಮೂರು ಹಿಡಿ ಶೇಂಗಾ.

‘ಚೀಲದಲ್ಲಿ ಏನಿತ್ತು?’
ಅವನು ಸಾಹೇಬರನ್ನು ಬಿಟ್ಟು ನನ್ನನ್ನು ನೋಡಿ ಅಂದ:
‘ತಪ್ಪಲ ರೀ, ಅಕ್ಕೋರ.’

ನಾನು ಕುಂದಾಪುರದವಳು.
ನನಗೆ ಗೊತ್ತಿದ್ದ ತಪ್ಪಲು ಬೆಟ್ಟದ್ದು ಮಾತ್ರ.
ಕೋರ್ಟಿನೊಳಗೆ ಬೆಟ್ಟ ಎಲ್ಲಿಂದ ಬರಬೇಕು?
ಕಿವಿಯೇ ಲ ಕೆಳಗೆ ಒಂದು ಒತ್ತು ಕೊಟ್ಟುಕೊಂಡಿತು.
ಎದ್ದು ನಿಂತು ಸಾಹೇಬರಿಗೆ ಹೇಳಿದೆ:
‘ಅದು ತಪ್ಪಲ್ಲ ಅನ್ನುತ್ತಾನೆ.’
ಸಾಹೇಬರು ಕನ್ನಡಕ ತೆಗೆದರು.
ಟೈಪಿಸ್ಟು ನಕ್ಕಳು, ಟೈಪು ಮಾಡಿದಳು.

ಎಲೆ ಬೇರೆ, ಹೂವು ಬೇರೆ ಎನ್ನುತ್ತದೆ ಕಾನೂನಿನ ಪುಸ್ತಕ.
ಹೂವಿನ ತೆನೆಯಾದರೆ ಗಾಂಜಾ. ಬರಿಯ ಎಲೆ ಗಾಂಜಾ ಅಲ್ಲ.
ನನಗೆ ಇದನ್ನು ಹೇಳಿದ್ದು ಒಬ್ಬ ಎಳೆಯ ವಕೀಲ,
ಕ್ಯಾಂಟೀನಿನಲ್ಲಿ, ವಡಾಪಾವಿನ ಎಣ್ಣೆಯನ್ನು
ಕೇಸಿನ ಕಾಗದಕ್ಕೇ ಒರೆಸಿಕೊಳ್ಳುತ್ತ,
ತೀರ್ಪು ಬಂದ ಮೇಲೆ.

ಆರು ವರ್ಷ.

ಆಮೇಲೆ ಯಾವಾಗಲೋ, ಆಂಟಾಪ್ ಹಿಲ್ಲಿನ ರಸ್ತೆಬದಿ
ಯಾದಗಿರಿಯ ಹೆಂಗಸೊಬ್ಬಳು ಗೋಣಿ ಹಾಸಿ ಕೂಗುತ್ತಿದ್ದಳು:
‘ಮೆಂತೆ ತಪ್ಪಲಾ, ರಾಜಗಿರಿ ತಪ್ಪಲಾ,
ಹತ್ರೂಪಾಯಿಗಿ ಎರಡ ಸಿವುಡ!’
ಎಷ್ಟು ಹೊತ್ತು ನಿಂತೆನೋ.
‘ಒಯ್ತೀಯೇನವ್ವ?’ ಎಂದಳು.
ಒಯ್ದೆ. ಎರಡು ದಿನ ಫ್ರಿಜ್ಜಿನಲ್ಲಿಟ್ಟು ಎಸೆದೆ.
ವಕೀಲನಿಗೆ ಫೋನು ಮಾಡಿದೆ. ಅವನೆಂದ:
ಲ್ಯಾಬಿನ ವರದಿಯೇ ಮುಖ್ಯ, ಬಾಯಿ,
ನಿಮ್ಮ ಮಾತಿನಿಂದ ಏನೂ ಆಗಿರಲಿಕ್ಕಿಲ್ಲ.
ಆಗಿರಲಿಕ್ಕಿಲ್ಲ.

ಈಗ ಶಾಲೆಗೆ ಬೀಗ, ನನಗೆ ಪಿಂಚಣಿ.
ಹಳೆಯ ವಿದ್ಯಾರ್ಥಿನಿ ಪ್ರಣೀತಾ ಬಂಗೇರ
ಬಾಂದ್ರಾದಿಂದ ಬಂದಿದ್ದಾಳೆ, ಲಿನನ್ ಅಂಗಿ, ಕಾಲಲ್ಲಿ ಕೊಲ್ಹಾಪುರಿ.
‘ಟೀಚರ್, ಸರಕಾರಕ್ಕೆ ಮನವಿ ಕೊಡುತ್ತಿದ್ದೇವೆ.
ಅಮೆರಿಕದಲ್ಲಿ ಒಂದೊಂದೇ ರಾಜ್ಯ ಬಿಟ್ಟುಕೊಟ್ಟಿತು,
ಮೊದಲು ಔಷಧಿಗೆ, ಆಮೇಲೆ ಸುಮ್ಮನೆ ಖುಷಿಗೆ.
ಅತ್ತರಿನಂಗಡಿ ಹಾಗಿರುತ್ತವೆ, ಗಾಜಿನ ಭರಣಿ, ಬಿಲ್ಲು, ತೆರಿಗೆ.
ಇಲ್ಲಿ ಯಾಕಾಗಬಾರದು?
ಕನ್ನಡದಲ್ಲೊಂದು ಕರಪತ್ರ ಬೇಕು. ಪದಕ್ಕೆ ಎರಡು ರೂಪಾಯಿ.’

ಬೇಡ ಅನ್ನಲಿಲ್ಲ.
ಅಕ್ಕನ ಮಗ ಅದೇ ಹೊಗೆಯಲ್ಲಿ ಎರಡು ವರ್ಷ
ಗೋಡೆ ನೋಡುತ್ತ ಕೂತಿದ್ದನ್ನೂ ಹೇಳಲಿಲ್ಲ.
‘ರಿಕ್ರಿಯೇಷನಲ್’ ಎಂಬಲ್ಲಿ ಪೆನ್ನು ನಿಂತಿತು.
ಮೋಜು? ವಿಹಾರ?
ಮನರಂಜನೆ ಎಂದರೆ ರೇಡಿಯೋದ ವಾಸನೆ.
ಮೋನಪ್ಪನ ಇನ್ನೊಂದು ಮಾತು ನೆನಪಿದೆ,
ಅದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ:
‘ಅಮಾಸಿಗಿ ದೇವರಿಗೆ ಒಂದೀಟು. ಉಳದದ್ದು ದಣಿವಿಗಿ.’

ದಣಿವಿಗೆ ಎಂದು ಬರೆದೆ.
ಹುಡುಗಿ ಮುಖ ಸಣ್ಣಗೆ ಮಾಡಿದಳು:
‘ಅದು ಬೇರೆ ಅರ್ಥ ಕೊಡುತ್ತದಲ್ಲ, ಟೀಚರ್.’

ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಘೋಷಣೆ ಬೇಕಂತೆ.
ಇಂಗ್ಲಿಷಿನಲ್ಲಿ ನಾಲ್ಕು ಪದ. ಕನ್ನಡಕ್ಕೆ ಒಂದೇ ಸಾಕು.
ಎರಡು ರೂಪಾಯಿ.

ಬರೆದೆ. ಲ ಕೆಳಗಿನ ಒತ್ತನ್ನು
ಹಾಕಲೋ ಬೇಡವೋ ಎಂದು
ಪೆನ್ನು ಹಿಡಿದೇ ಕೂತಿದ್ದೇನೆ.
ಚಹಾದ ಮೇಲೆ ಕೆನೆ ಕಟ್ಟಿದೆ.